ಪಿಂಚಣಿ ಬಂದ ಮೇಲೆ ಧಾರವಾಡ

ಬೆಳಗಿನ ಐದೂವರೆಗೆ ಕರ್ನಾಟಕ ಕಾಲೇಜಿನ ಮೈದಾನಕ್ಕೆ ಬಂದರೆ ಧಾರವಾಡದಲ್ಲಿ ಯಾರು ಯಾರು ಇದ್ದಾರೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಮೈದಾನದ ಸುತ್ತ ಓಡುತ್ತಿರುವವರು ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಾಗುತ್ತಿರುವ ಹುಡುಗ ಹುಡುಗಿಯರು. ವಿಜಯಪುರ, ಬಾಗಲಕೋಟೆ, ಗದಗ, ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಬಂದವರು. ಪಕ್ಕದ ಮರಗಳ ಸಾಲಿನಲ್ಲಿ ನಡೆಯುತ್ತಿರುವವರು ಕಾಲೇಜಿನಲ್ಲಿ, ಬ್ಯಾಂಕಿನಲ್ಲಿ, ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಕಿವಿಗೆ ಮಫ್ಲರ್ ಸುತ್ತಿಕೊಂಡವರು, ಮೊಣಕಾಲಿಗೆ ಪಟ್ಟಿ ಹಾಕಿಕೊಂಡವರು, ಗಂಡನಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುವ ನಿವೃತ್ತ ಶಿಕ್ಷಕಿಯರು. "ಅಜ್ಜಾರ, ಸ್ವಲ್ಪ ಬಾಜೂಕ ಸರೀರಿ" ಎಂದು ಓಡುವವರು ಕೂಗುತ್ತಾರೆ. ನಡೆಯುವವರು ಸರಿದು ನಿಂತು, "ಓಡು ತಮ್ಮಾ, ಈ ಸಲ ಆಗೇ ಆಗ್ತದ" ಎಂದು ಹರಸಿ ಕಳಿಸುತ್ತಾರೆ.

ನಿವೃತ್ತಿಯ ನಂತರ ಎಲ್ಲಿ ನೆಲೆಸಬೇಕು ಎಂದು ಉತ್ತರ ಕರ್ನಾಟಕದ ನೌಕರರನ್ನು ಕೇಳಿದರೆ ಬಹಳ ಮಂದಿಯ ಬಾಯಲ್ಲಿ ಮೊದಲು ಬರುವ ಹೆಸರು ಧಾರವಾಡ. ಹಳೆಯ ಮೈಸೂರು ಸೀಮೆಯವರಿಗೆ ಮೈಸೂರು ಹೇಗೋ, ಇತ್ತಲಿನವರಿಗೆ ಇದು ಹಾಗೆ. ಬೆಂಗಳೂರು, ಮುಂಬಯಿ, ಪುಣೆಗಳಲ್ಲಿ ಮೂವತ್ತು ನಲವತ್ತು ವರ್ಷ ದುಡಿದವರೂ ಇಲ್ಲೊಂದು ಸೈಟು ಕೊಂಡು ಇಟ್ಟಿರುತ್ತಾರೆ. ವಿದ್ಯೆಯ ಊರು, ತಂಪು ಹವೆ, ಸಾಹಿತ್ಯ, ಸಂಗೀತ, ಗದ್ದಲವಿಲ್ಲದ ಬದುಕು ಎಂಬುದು ಅವರ ಲೆಕ್ಕ. ಆ ಲೆಕ್ಕದಲ್ಲಿ ಯಾವುದು ಇನ್ನೂ ನಿಂತಿದೆ, ಯಾವುದು ಕೈಬಿಟ್ಟಿದೆ ಎಂದು ತಿಳಿಯಲು ಈ ಊರನ್ನು ನಡೆದೇ ನೋಡಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿವೃತ್ತರಿಗೆ ಧಾರವಾಡ ಈಗಲೂ ಒಳ್ಳೆಯ ಊರು. ಆದರೆ ಶಾಂತಿಯನ್ನು ಹುಡುಕಿಕೊಂಡು ಬರುವವರಿಗೆ ಇದು ನಿರಾಸೆ ಮಾಡುತ್ತದೆ. ಬೇರೆಯವರ ಮಕ್ಕಳ ನಡುವೆ ಬಾಳಲು ಮನಸ್ಸಿರುವವರನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ.

ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮುಂಚೆ ಈ ಭಾಗದ ಹುಡುಗರು ಪದವಿ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥವರು ವಂತಿಗೆ ಕೂಡಿಸಿ, ಸರ್ಕಾರವನ್ನು ಒಪ್ಪಿಸಿ ಕಾಲೇಜನ್ನು ತಂದರು. ದಕ್ಷಿಣ ಮರಾಠಾ ರೈಲ್ವೆಯ ಕಚೇರಿಗೆಂದು ಕಟ್ಟಿದ್ದ ದೊಡ್ಡ ಕಟ್ಟಡವೇ ಕಾಲೇಜಾಯಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ. ಆಮೇಲೆ 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ. ಇವುಗಳ ಜೊತೆಗೆ ಜೆಎಸ್‌ಎಸ್, ಕಿಟೆಲ್, ಟ್ರೇನಿಂಗ್ ಕಾಲೇಜು, ಎಂಜಿನಿಯರಿಂಗ್ ಕಾಲೇಜು ಎಂದು ಪಟ್ಟಿ ಬೆಳೆಯುತ್ತದೆ. ಹಳೆಯ ಸಂಸ್ಥೆಗಳು ಒಂದೊಂದೂ ಊರಿಗೆ ವಿದ್ಯಾರ್ಥಿಗಳನ್ನು ತಂದ ಹಾಗೆಯೇ, ಮೂವತ್ತು ವರ್ಷಗಳ ನಂತರ ಒಂದೊಂದು ಬಡಾವಣೆಯಷ್ಟು ನಿವೃತ್ತರನ್ನೂ ಕೊಟ್ಟಿವೆ. ಧಾರವಾಡದಲ್ಲಿ ಪಾಠ ಹೇಳಲು ಬಂದವರು ಪಾಠ ಮುಗಿದ ಮೇಲೆ ತಮ್ಮ ಹಳ್ಳಿಗೆ ಮರಳಲಿಲ್ಲ.

ಕಾಲೇಜಿನಿಂದ ರೈಲು ನಿಲ್ದಾಣದ ಕಡೆಗೆ ನಡೆದರೆ ಮಾಳಮಡ್ಡಿ. ನಿವೃತ್ತರ ಧಾರವಾಡ ಎಂದು ಯಾರಾದರೂ ಹೇಳಿದಾಗ ಹಳಬರ ಕಣ್ಣಮುಂದೆ ಬರುವುದು ಈ ಓಣಿಗಳೇ. ಹಂಚಿನ ಮನೆ, ಮುಂದೆ ಕಟ್ಟೆ, ಗೇಟಿನ ಪಕ್ಕ ಪಾರಿಜಾತ, ಕಂಪೌಂಡಿನೊಳಗೊಂದು ಮಾವಿನ ಮರ. ಗೇಟಿನ ಫಲಕದ ಮೇಲೆ ಹೆಸರಿನ ಕೆಳಗೆ 'ನಿವೃತ್ತ ಮುಖ್ಯಾಧ್ಯಾಪಕರು', 'ನಿವೃತ್ತ ಕಾರ್ಯನಿರ್ವಾಹಕ ಅಭಿಯಂತರರು' ಎಂದು ಬರೆಸುವ ರೂಢಿ ಇನ್ನೂ ಉಳಿದಿದೆ. ಆದರೆ ನಿಧಾನವಾಗಿ ನೋಡುತ್ತ ಹೋದರೆ ಬೀಗ ಹಾಕಿದ ಮನೆಗಳೂ ಕಾಣುತ್ತವೆ. ಅಂಗಳದಲ್ಲಿ ಒಣ ಎಲೆ ರಾಶಿ ಬಿದ್ದಿರುತ್ತದೆ, ಗೇಟಿಗೆ 'ಮಾರಾಟಕ್ಕಿದೆ' ಎಂಬ ತಗಡು ಕಟ್ಟಿರುತ್ತಾರೆ. ಹಳೆಯ ಮನೆ ಕೆಡವಿದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿರುತ್ತದೆ.

ಕಟ್ಟೆಯ ಮೇಲೆ ಕುಳಿತು ಮೆಂತೆಸೊಪ್ಪು ಸೋಸುತ್ತಿದ್ದ ಹಿರಿಯರೊಬ್ಬರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು. ಪತಿ ತೀರಿಕೊಂಡಿದ್ದಾರೆ. ಮಕ್ಕಳ ಹತ್ತಿರ ಹೋಗಲಿಲ್ಲವೇ ಎಂದು ಕೇಳಿದೆ. "ಮಗಾ ಬೆಂಗಳೂರಾಗ, ಮಗಳು ಅಮೇರಿಕಾದಾಗ ಇದ್ದಾಳ್ರಿ. ಬಾ ಅಂತಾರ, ಇಲ್ಲನ್ನಂಗಿಲ್ಲ. ಅಲ್ಲಿ ಹೋಗಿ ಹನ್ನೆರಡನೇ ಮಜಲಿನ್ಯಾಗ ಒಬ್ಬಾಕಿ ಕೂತು ಏನ್ ಮಾಡ್ಲಿ? ಇಲ್ಲೆ ಕಟ್ಟಿ ಮ್ಯಾಲ ಕೂತ್ರ ತಾಸಿಗೆ ನಾಕ್ ಮಂದಿ ಮಾತಾಡ್ಸಿ ಹೋಗ್ತಾರ. ನಾ ಕಲಿಸಿದ ಹುಡುಗ್ರ ಮೊಮ್ಮಕ್ಕಳು ಬಂದು ಟೀಚರ್ ಅಂತಾವ." ಸ್ವಲ್ಪ ತಡೆದು ಮತ್ತೆ ಹೇಳಿದರು: "ಆದ್ರ ರಾತ್ರಿ ಬಾಗಲಾ ಹಾಕ್ಕೊಂಡ ಮ್ಯಾಲ ಮನಿ ಭಾಳ ದೊಡ್ಡದಾಗ್ತದ್ರಿ."

ಧಾರವಾಡದ ಮೂಲ ಸಂಕಟ ಈ ಕೊನೆಯ ಮಾತಿನಲ್ಲಿದೆ. ಇದು ಮಕ್ಕಳನ್ನು ಚೆನ್ನಾಗಿ ಓದಿಸುವ ಊರು. ಓದಿದ ಮೇಲೆ ಅವರಿಗೆ ಕೆಲಸ ಕೊಡುವ ಊರಲ್ಲ. ಇಲ್ಲಿನ ಪ್ರಾಧ್ಯಾಪಕರ, ಶಿಕ್ಷಕರ ಮಕ್ಕಳು ಓದಿನಲ್ಲಿ ಮುಂದಿದ್ದರು. ಹಾಗಾಗಿ ಅವರೇ ಎಲ್ಲರಿಗಿಂತ ಮೊದಲು ಊರು ಬಿಟ್ಟರು. ಯಾವ ವಿದ್ಯೆಗಾಗಿ ತಂದೆತಾಯಿ ಈ ಊರಿನಲ್ಲಿ ನೆಲೆಸಿದರೋ ಆ ವಿದ್ಯೆಯೇ ಮಕ್ಕಳನ್ನು ದೂರ ಕಳಿಸಿತು. ವಿದ್ಯೆಯ ಊರುಗಳಲ್ಲಿ ಇದು ನಡೆಯುತ್ತಲೇ ಇರುತ್ತದೆ, ಧಾರವಾಡದಲ್ಲಿ ಎದ್ದು ಕಾಣುತ್ತದೆ. ಇಲ್ಲಿಗೆ ನೆಲೆಸಲು ಬರುವವರು ಇದನ್ನು ತಿಳಿದೇ ಬರಬೇಕು. ಮಕ್ಕಳು ಒಂದು ದಿನ ಮರಳಿ ಬಂದು ಕೂಡಿ ಇರುತ್ತಾರೆ ಎಂಬ ನಂಬಿಕೆಯಿಂದ ದೊಡ್ಡ ಮನೆ ಕಟ್ಟಿಸಿದ ಹಲವರು ಈಗ ಎರಡು ಕೋಣೆ ಬಿಟ್ಟು ಉಳಿದವನ್ನು ಮುಚ್ಚಿಟ್ಟಿದ್ದಾರೆ.

ಮುಚ್ಚಿದ ಕೋಣೆಗಳ ಬಾಗಿಲು ಮತ್ತೆ ತೆರೆದದ್ದು ಎಲ್ಲಿ ಎಂದು ನೋಡಬೇಕಾದರೆ ಸಪ್ತಾಪುರಕ್ಕೆ ಬರಬೇಕು. ಇಪ್ಪತ್ತು ವರ್ಷಗಳ ಹಿಂದೆ ಇದೂ ಸಾಧಾರಣ ಬಡಾವಣೆ. ಈಗ ಕಣ್ಣು ಹಾಯಿಸಿದಲ್ಲೆಲ್ಲ ತರಬೇತಿ ಕೇಂದ್ರಗಳ ಫಲಕ: ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಪಿಡಿಒ, ಶಿಕ್ಷಕರ ನೇಮಕಾತಿ. ಆಯ್ಕೆಯಾದವರ ಫೋಟೊ, ಹೂಮಾಲೆ, ರ‍್ಯಾಂಕು. ಕೆಳಗೆ ಝೆರಾಕ್ಸ್ ಅಂಗಡಿ, ಹಳೆಯ ಪ್ರಶ್ನೆಪತ್ರಿಕೆ ಮಾರುವವರು, ಖಾನಾವಳಿ, ಚಹಾದ ಗಾಡಿ. ಮೇಲೆ ತಿಂಗಳ ಲೆಕ್ಕದಲ್ಲಿ ಕುರ್ಚಿ ಕೊಡುವ ಖಾಸಗಿ ಓದುವ ಮನೆಗಳು. ಇವನ್ನು ಹುಡುಗರು 'ಲೈಬ್ರರಿ' ಎನ್ನುತ್ತಾರೆ. ಅಲ್ಲಿ ಪುಸ್ತಕಗಳಿಗಿಂತ ಸ್ಥಳ ಮುಖ್ಯ, ನಿಶ್ಶಬ್ದ ಮುಖ್ಯ. ಹಳ್ಳಿಯ ಮನೆಯಲ್ಲಿ ಓದಲು ಸ್ಥಳವಿಲ್ಲದವರಿಗೆ ಹನ್ನೆರಡು ತಾಸು ಸಿಗುವ ಒಂದು ಕುರ್ಚಿ, ಒಂದು ದೀಪ ಎಷ್ಟು ದೊಡ್ಡದು ಎಂಬುದು ಆ ಕೋಣೆಗಳ ಬಾಗಿಲಲ್ಲಿ ನಿಂತರೆ ತಿಳಿಯುತ್ತದೆ.

ಈ ಹುಡುಗರಿಗೆ ಕೋಣೆ ಕೊಟ್ಟವರಲ್ಲಿ ಹೆಚ್ಚಿನವರು ಹಿರಿಯರು. ಬಾಡಿಗೆ ಅವರಿಗೆ ಪಿಂಚಣಿಯ ಜೊತೆಗಿನ ಇನ್ನೊಂದು ಆಧಾರ. ಮುಂದೆ ಇದೇ ಮುಖ್ಯ ಆಧಾರವಾಗುವ ಸಂಭವವೂ ಇದೆ. ಕರ್ನಾಟಕ ಸರ್ಕಾರದ ಸೇವೆಗೆ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿಯ ಬದಲು, ಮೊತ್ತ ನಿಶ್ಚಿತವಲ್ಲದ ಎನ್‌ಪಿಎಸ್ ಯೋಜನೆ ಬಂತು. ಖಾಸಗಿ ಕಾಲೇಜುಗಳ ಅನುದಾನರಹಿತ ವಿಭಾಗಗಳಲ್ಲಿ ಜೀವನಪೂರ್ತಿ ಕಲಿಸಿದವರಿಗೆ ಅಷ್ಟೂ ಭರವಸೆಯಿಲ್ಲ. ಅಂಥವರಿಗೆ ಮನೆಯ ಮೇಲೊಂದು ಮಜಲು ಇದ್ದು, ಅದರಲ್ಲಿ ನಾಲ್ಕು ಹುಡುಗರಿದ್ದರೆ ತಿಂಗಳ ಔಷಧದ ಖರ್ಚು ಹೋಗುತ್ತದೆ.

ನೀರಾವರಿ ಇಲಾಖೆಯಿಂದ ನಿವೃತ್ತರಾದ ಒಬ್ಬರು ತಮ್ಮ ಮೇಲಿನ ಮನೆಯನ್ನು ಹಾವೇರಿ ಕಡೆಯ ಹುಡುಗರಿಗೆ ಕೊಟ್ಟಿದ್ದಾರೆ. ಅವರ ಹೆಂಡತಿಗೆ ನಡುರಾತ್ರಿ ಎದೆನೋವು ಬಂದಾಗ ಆಟೊ ತಂದವರು, ಆಸ್ಪತ್ರೆಯಲ್ಲಿ ರಾತ್ರಿಯಿಡೀ ಕುಳಿತವರು ಆ ಹುಡುಗರೇ. "ಮಗ ವಿಮಾನ ಹತ್ತಿ ಬರೂದ್ರಾಗ ಮರುದಿನ ಸಂಜಿ ಆಗಿತ್ತು. ಅಷ್ಟೊತ್ತಿಗೆ ಎಲ್ಲಾ ಮುಗದು ಆಕಿ ಚಹಾ ಕುಡೀಲಿಕ್ಕತ್ತಿದ್ಲು" ಎಂದು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ಆ ಹುಡುಗರಲ್ಲಿ ಒಬ್ಬನಿಗೆ ಮೂವತ್ತು ದಾಟಿದೆ. ಎರಡು ಸಲ ಪರೀಕ್ಷೆಯ ದಡದವರೆಗೆ ಹೋಗಿ ಬಂದಿದ್ದಾನೆ. ಊರಿಗೆ ಹೋದರೆ ಕೇಳುವವರಿಗೆ ಏನು ಹೇಳುವುದೆಂದು ಹಬ್ಬಕ್ಕೂ ಹೋಗುವುದಿಲ್ಲ. ಹಾಗಾಗಿ ಯುಗಾದಿಯ ಹೋಳಿಗೆ ಅವನಿಗೆ ಕೆಳಗಿನ ಮನೆಯಲ್ಲಿಯೇ. ನೇಮಕಾತಿ ತಡವಾದಾಗಲೆಲ್ಲ, ವಯೋಮಿತಿ ಸಡಿಲಿಸಿ ಎಂದು ಈ ಹುಡುಗರು ಧಾರವಾಡದ ಬೀದಿಗಿಳಿಯುತ್ತಾರೆ. ಅವರ ಕಾಯುವಿಕೆಯ ಭಾರವನ್ನು ಪಕ್ಕದಲ್ಲಿದ್ದು ಬಲ್ಲವರು ಈ ಮನೆಯೊಡೆಯರು. ಒಬ್ಬರಿಗೆ ಮಗ ದೂರ, ಇನ್ನೊಬ್ಬರಿಗೆ ಮನೆ ದೂರ. ಇಬ್ಬರ ಕೊರತೆಯೂ ಒಂದೇ ಮೆಟ್ಟಿಲ ಮೇಲೆ ಕೆಳಗೆ ಇದೆ.

ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಸಪ್ತಾಪುರ, ಜಯನಗರ, ಶ್ರೀನಗರದ ಸುತ್ತ ಸ್ವಂತ ಮನೆಯಿಲ್ಲದ ನಿವೃತ್ತರು ಬಾಡಿಗೆಗೆ ಮನೆ ಹುಡುಕುವುದು ಕಷ್ಟ. ಒಂದೇ ಮನೆಯನ್ನು ದಂಪತಿಗೆ ಕೊಟ್ಟರೆ ಬರುವ ಬಾಡಿಗೆಗಿಂತ, ತಲೆಗಿಷ್ಟು ಎಂದು ಆರು ಹುಡುಗರಿಗೆ ಕೊಟ್ಟರೆ ಬರುವುದು ಹೆಚ್ಚು. ಮಾಲೀಕರ ಲೆಕ್ಕ ಸಹಜವಾಗಿಯೇ ಆ ಕಡೆ ವಾಲುತ್ತದೆ. ಕಂಪೌಂಡಿನ ಮಾವು ಕಡಿದು ಅಲ್ಲೂ ಎರಡು ಕೋಣೆ ಎಬ್ಬಿಸುತ್ತಾರೆ. ಬೈಕುಗಳು ಓಣಿಯ ಎರಡೂ ಬದಿ ನಿಲ್ಲುತ್ತವೆ. ಫುಟ್‌ಪಾತ್ ಇದ್ದ ಕಡೆ ಗಾಡಿ ಅಂಗಡಿಗಳು ನಿಂತಿವೆ, ಅವರಿಗೂ ಹೊಟ್ಟೆಪಾಡು. ಇವೆಲ್ಲದರ ನಡುವೆ ಎಪ್ಪತ್ತು ದಾಟಿದವರು ಕೋಲು ಹಿಡಿದು ರಸ್ತೆಯ ನಡುವೆಯೇ ನಡೆಯಬೇಕಾಗುತ್ತದೆ. ರಾತ್ರಿ ಹನ್ನೊಂದಕ್ಕೂ ಚಹಾ ಗಾಡಿಯ ಮುಂದೆ ಮಾತು ನಡೆದಿರುತ್ತದೆ. ಹತ್ತಕ್ಕೆ ಮಲಗಿ ನಾಲ್ಕಕ್ಕೆ ಏಳುವ ಜೀವಕ್ಕೆ ಇದು ಹಿಂಸೆಯೇ. ತರಬೇತಿಯ ಹುಡುಗರಿಗೆ ಬೇಸಿಗೆ ರಜೆಯೂ ಇಲ್ಲ. ಪದವಿ ಕಾಲೇಜಿನ ಹುಡುಗರು ಊರಿಗೆ ಹೋದಾಗ ಹಿಂದೆ ಸಿಗುತ್ತಿದ್ದ ಏಪ್ರಿಲ್-ಮೇ ತಿಂಗಳ ಬಿಡುವು ಈ ಬಡಾವಣೆಗಳಿಗೆ ಈಗಿಲ್ಲ.

ಆದರೂ ಖಾನಾವಳಿಯ ಬಗ್ಗೆ ಒಂದು ಮಾತು. ವಿದ್ಯಾರ್ಥಿಗಳಿಗಾಗಿ ಬೆಳೆದ ಈ ವ್ಯವಸ್ಥೆ ಹಿರಿಯರಿಗೆ ಎಷ್ಟು ಉಪಕಾರ ಮಾಡಿದೆ ಎಂಬುದನ್ನು ಹೊರಗಿನವರು ಗಮನಿಸುವುದಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಇಲ್ಲವೇ ಝುಣಕ, ಕಾಳಿನ ಪಲ್ಯ, ಅನ್ನ, ಸಾರು. ಡಬ್ಬಿ ಕಟ್ಟಿ ಮನೆಗೆ ಕಳಿಸುತ್ತಾರೆ. ಕೈ ನಡುಗುವ, ಒಲೆ ಮುಂದೆ ನಿಲ್ಲಲಾರದ ಎಷ್ಟೋ ಒಂಟಿ ಹಿರಿಯರು ಈ ಡಬ್ಬಿಯ ಮೇಲೆ ಬದುಕಿದ್ದಾರೆ. ಅದೂ ಹೋಟೆಲಿನ ಊಟವಲ್ಲ, ಹುಟ್ಟಿದಾಗಿನಿಂದ ಉಂಡ ಊಟವೇ. ಮೊಬೈಲಿನಲ್ಲಿ ಬ್ಯಾಂಕಿನ ಕೆಲಸ ಮಾಡಿಕೊಡಲು, ಜೀವಿತ ಪ್ರಮಾಣಪತ್ರದ ಅರ್ಜಿ ತುಂಬಿಕೊಡಲು, ತುರ್ತಾಗಿ ರಕ್ತ ಬೇಕಾದಾಗ ಕೊಡಲು ಕೂಗಳತೆಯಲ್ಲಿ ಹುಡುಗರಿರುತ್ತಾರೆ.

ಸಪ್ತಾಪುರ ದಾಟಿ ಮುಂದೆ ಹೋದರೆ ಏರು. ಛೋಟಾ ಮಹಾಬಳೇಶ್ವರ ಎಂದು ಕರೆಯುತ್ತಿದ್ದ ಗುಡ್ಡದ ಮೇಲೆ ಕರ್ನಾಟಕ ವಿಶ್ವವಿದ್ಯಾಲಯ. ಆರಂಭದಲ್ಲಿ ಮುಂಬಯಿಯಲ್ಲಿದ್ದ ವಿಶ್ವವಿದ್ಯಾಲಯ ಇಲ್ಲಿಗೆ ಬಂದ ಮೇಲೆ, 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರ ಕಾಲದಲ್ಲಿ ಈ ಆವರಣ ರೂಪುಗೊಂಡಿತು. ಗಿಡಮರಗಳ ನಡುವಿನ ಅಗಲ ರಸ್ತೆಗಳಲ್ಲಿ ನಡೆಯುವುದು ಈ ಊರಿನ ನಿವೃತ್ತರಿಗೆ ಸಿಕ್ಕ ದೊಡ್ಡ ಸಂಪತ್ತು. ಬೆಂಗಳೂರಿನಲ್ಲಿ ಇಂಥ ಗಾಳಿ, ಇಂಥ ನೆರಳು ಎಲ್ಲಿದೆ? ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಎತ್ತರದಲ್ಲಿ, ಮಲೆನಾಡಿನ ಸೆರಗಿನಲ್ಲಿರುವ ಊರು ಇದು. ಬೇಸಿಗೆಯ ಸಂಜೆಯೂ ಇಲ್ಲಿ ತಣಿಯುತ್ತದೆ.

ಗುಡ್ಡದ ಕೆಳಗೆ ಕಲ್ಯಾಣ ನಗರ. ವಿಶ್ವವಿದ್ಯಾಲಯದವರು ಕಟ್ಟಿಕೊಂಡ ಮನೆಗಳ ಬಡಾವಣೆ. ಕವಿ ಚೆನ್ನವೀರ ಕಣವಿಯವರ ಮನೆ 'ಚೆಂಬೆಳಕು' ಇಲ್ಲಿಯೇ. ವಿಶ್ವವಿದ್ಯಾಲಯದ ಪ್ರಸಾರಾಂಗದ ನಿರ್ದೇಶಕರಾಗಿದ್ದ ಕಣವಿಯವರು 1983ರಲ್ಲಿ ನಿವೃತ್ತರಾದರು. 2022ರ ಫೆಬ್ರುವರಿಯಲ್ಲಿ ತೀರಿಕೊಂಡರು. ನಡುವಿನ ಹೆಚ್ಚುಕಡಿಮೆ ನಾಲ್ಕು ದಶಕಗಳನ್ನು ಅವರು ಈ ಊರಿನಲ್ಲಿ ಬರೆಯುತ್ತ, ಸಭೆಗಳಿಗೆ ಬರುತ್ತ, ಮನೆಗೆ ಬಂದ ಎಳೆಯ ಕವಿಗಳ ಹಸ್ತಪ್ರತಿ ಓದುತ್ತ ಕಳೆದರು. ನೌಕರಿಗಿಂತ ನಿವೃತ್ತಿಯೇ ದೀರ್ಘವಾದ ಇಂಥ ಬದುಕಿಗೆ ಸುತ್ತ ಓದುವ ಜನ ಬೇಕು. ಆ ಜನರನ್ನು ಧಾರವಾಡ ಕೊಟ್ಟಿತು.

ಅದೇ ಕಲ್ಯಾಣ ನಗರದಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಡಾ. ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಅವರೂ ನಿವೃತ್ತ ಪ್ರಾಧ್ಯಾಪಕರೇ, ನಿವೃತ್ತಿಯ ಮೇಲೂ ಸಂಶೋಧನೆ ನಿಲ್ಲಿಸದವರು. ಗುರುಗಳ ಮನೆಯ ಬಾಗಿಲು ಯಾವಾಗಲೂ ತೆರೆದಿರುತ್ತದೆ, ಯಾವ ವಿದ್ಯಾರ್ಥಿ ಯಾವ ಹೊತ್ತಿಗಾದರೂ ಬರಬಹುದು ಎಂಬುದು ಈ ಊರಿನ ನಡವಳಿಕೆಯಾಗಿತ್ತು. ಆ ಬೆಳಗಿನ ಗಾಯ ಧಾರವಾಡದ ಮನಸ್ಸಿನಿಂದ ಮಾಯವಾಗಿಲ್ಲ, ಆಗಲೂ ಬಾರದು. ವಿದ್ಯೆಯ ಊರು ಎಂದರೆ ಎಲ್ಲ ವಿಚಾರಕ್ಕೂ ಸುರಕ್ಷಿತ ಊರು ಎಂದು ನಾವು ನಂಬಿದ್ದೆವು.

ಕಲ್ಯಾಣ ನಗರದಿಂದ ಸಾಧನಕೇರಿಗೆ ನಡೆದು ಹೋಗಬಹುದು. ಕವಿ ಬೇಂದ್ರೆಯವರ ಮನೆ 'ಶ್ರೀಮಾತಾ', ಪಕ್ಕದಲ್ಲಿ ಬೇಂದ್ರೆ ಭವನ, ಎದುರಿಗೆ ಕೆರೆ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದು, ಅದು ಮುಗಿದ ಮೇಲೆ ಧಾರವಾಡಕ್ಕೆ ಮರಳಿದರು. ಇಲ್ಲಿನ ಆಕಾಶವಾಣಿಗೆ ಸಲಹೆಗಾರರಾದರು. 'ನಾಕುತಂತಿ'ಗೆ ಜ್ಞಾನಪೀಠ ಬಂದದ್ದು 1973ರಲ್ಲಿ. ಅರುವತ್ತರ ನಂತರದ ಅವರ ಧಾರವಾಡವನ್ನು ನೆನೆದರೆ, ನಿವೃತ್ತಿಯನ್ನು ಕೈಕಟ್ಟಿ ಕೂಡುವುದು ಎಂದು ತಿಳಿದವರು ಈ ಊರಿಗೆ ಯಾಕೆ ಒಗ್ಗುವುದಿಲ್ಲ ಎಂಬುದು ಅರ್ಥವಾಗುತ್ತದೆ.

ಕೆರೆಯ ದಂಡೆ ಸಂಜೆ ನಡೆಯುವವರಿಗೆ ಹಿತವಾದದ್ದು. ಮಳೆಗಾಲದ ಮಾತು ಬೇರೆ. ಜೂನ್ ನಡುವಿನಿಂದ ಜಿಟಿಜಿಟಿ ಹಿಡಿದರೆ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ಅಂಗಳದ ಕಲ್ಲು ಪಾಚಿಗಟ್ಟುತ್ತದೆ, ಬಟ್ಟೆ ಒಣಗುವುದಿಲ್ಲ, ದಮ್ಮಿನವರಿಗೆ, ಸಂಧಿವಾತದವರಿಗೆ ಕಷ್ಟದ ಕಾಲ. ಈ ಮಳೆಯನ್ನು ಕವಿತೆಗಳಲ್ಲಿ ಓದಿ ಬಂದವರು ಮೊದಲ ಆಷಾಢದಲ್ಲಿಯೇ ಬೇಸತ್ತು ಹೋದದ್ದುಂಟು. ಇಷ್ಟೊಂದು ಮಳೆ ಬರುವ ಊರಿನಲ್ಲಿ ನಳದ ನೀರು ಮಾತ್ರ ಎಲ್ಲರಿಗೂ ದಿನವೂ ಬರುವುದಿಲ್ಲ. ಮಲಪ್ರಭೆಯಿಂದ ನೀರು ತಂದು ಕೆಲವು ಬಡಾವಣೆಗಳಿಗೆ ಇಪ್ಪತ್ನಾಲ್ಕು ತಾಸು ಕೊಡುವ ಪ್ರಯೋಗ 2008ರ ಸುಮಾರಿಗೆ ನಡೆದು ದೇಶದ ಗಮನ ಸೆಳೆಯಿತು. ಉಳಿದ ಅನೇಕ ಕಡೆ ಜನ ಇನ್ನೂ ಸರದಿಯ ದಿನ ಎಣಿಸಿ ತೊಟ್ಟಿ ತುಂಬಿಸಿಕೊಳ್ಳಬೇಕು. ವಯಸ್ಸಾದವರು ಕೊಡ ಎತ್ತಲಾರರು. ಆದ್ದರಿಂದ ಮನೆ ನೋಡುವಾಗ ಬಚ್ಚಲಿನ ಟೈಲ್ಸ್ ನೋಡುವ ಮೊದಲು, ಆ ಓಣಿಗೆ ನೀರು ಎಷ್ಟು ದಿನಕ್ಕೊಮ್ಮೆ ಎಂದು ಪಕ್ಕದ ಮನೆಯವರನ್ನು ಕೇಳಬೇಕು.

ಆಸ್ಪತ್ರೆಯ ವಿಷಯದಲ್ಲಿ ಈ ಊರು ಸಾಕಷ್ಟು ಗಟ್ಟಿ. ಊರೊಳಗೆ ಜಿಲ್ಲಾಸ್ಪತ್ರೆ; ಹುಬ್ಬಳ್ಳಿ ರಸ್ತೆಯಲ್ಲಿ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು; ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಜನ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು. ವೈದ್ಯಕೀಯ ಕಾಲೇಜು ಹತ್ತಿರವಿದ್ದರೆ ಎಲ್ಲ ವಿಭಾಗಗಳ ತಜ್ಞರು ಒಂದೇ ಸೂರಿನಡಿ ಸಿಗುತ್ತಾರೆ, ಹಗಲುರಾತ್ರಿ ಕಿರಿಯ ವೈದ್ಯರಿರುತ್ತಾರೆ. ವಿದ್ಯೆಯ ಊರಿನಿಂದ ನಿವೃತ್ತರಿಗಾಗುವ ಲಾಭಗಳಲ್ಲಿ ಇದನ್ನು ಮೊದಲ ಸಾಲಿನಲ್ಲೇ ಇಡುತ್ತೇನೆ. ಮಣಿಪಾಲದಲ್ಲಿ ನೆಲೆಸುವವರು ಕಸ್ತೂರಬಾ ಆಸ್ಪತ್ರೆಯನ್ನು ನೆನೆಯುವುದೂ ಇದೇ ಕಾರಣಕ್ಕೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯೂ ಇದೆ. ಮರೆವಿನ ರೋಗ, ಒಂಟಿತನದಿಂದ ಬರುವ ಖಿನ್ನತೆ ನಮ್ಮ ಹಿರಿಯರಲ್ಲಿ ಹೆಚ್ಚುತ್ತಿರುವಾಗ ಇಂಥ ಸಂಸ್ಥೆ ಊರೊಳಗಿರುವುದು ಸಣ್ಣ ಮಾತಲ್ಲ. ಆ ಗೇಟಿನೊಳಗೆ ಹೋಗಲು ನಾಚಿಕೊಳ್ಳುವ ಹಿರಿಯರಿಗೆ, ಅವರ ಮನೆಯವರಿಗೆ ಕೈಮುಗಿದು ಹೇಳುತ್ತೇನೆ: ಮಂಡಿನೋವಿಗೆ ವೈದ್ಯರ ಬಳಿ ಹೋಗುವಂತೆಯೇ ಇದಕ್ಕೂ ಹೋಗಿ.

ಹುಬ್ಬಳ್ಳಿಗೆ ಹೋಗಲು ಚಿಗರಿ ಎಂಬ ತ್ವರಿತ ಬಸ್ಸು ಬಂದ ಮೇಲೆ ಇಪ್ಪತ್ತು ಕಿಲೋಮೀಟರಿನ ದಾರಿ ಸಲೀಸಾಗಿದೆ. ತಂಪಾದ ಬಸ್ಸು, ಪ್ಲಾಟ್‌ಫಾರಂ ಮಟ್ಟದಿಂದಲೇ ಒಳಗೆ ಕಾಲಿಡಬಹುದು, ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಆದರೆ ನಿಲ್ದಾಣಗಳು ರಸ್ತೆಯ ನಟ್ಟನಡುವೆ ಇವೆ. ಅಲ್ಲಿಗೆ ಮುಟ್ಟಲು ವಾಹನಗಳ ಸಾಲನ್ನು ದಾಟಬೇಕು. ಜೋರು ಮಳೆ ಬಂದರೆ ಟೋಲ್ ನಾಕಾದ ಹತ್ತಿರ ನೀರು ನಿಲ್ಲುತ್ತದೆ. 2023ರ ಜೂನ್‌ನಲ್ಲಿ ಬೆಂಗಳೂರಿಗೆ ವಂದೇ ಭಾರತ್ ರೈಲು ಶುರುವಾದದ್ದರಿಂದ ಮಕ್ಕಳು ಬಂದುಹೋಗುವುದು ಸ್ವಲ್ಪ ಹಗುರವಾಗಿದೆ. ವಿಮಾನವೂ ಹುಬ್ಬಳ್ಳಿಯಿಂದ ಸಿಗುತ್ತದೆ.

ಸಂಜೆ ಐದೂವರೆಗೆ ಕರ್ನಾಟಕ ವಿದ್ಯಾವರ್ಧಕ ಸಂಘ. 1890ರಲ್ಲಿ ರಾ.ಹ. ದೇಶಪಾಂಡೆಯವರು ಕಟ್ಟಿದ ಸಂಸ್ಥೆ. ದಶಕಗಳ ಕಾಲ ಅದರ ಅಧ್ಯಕ್ಷರಾಗಿದ್ದ ಪಾಟೀಲ ಪುಟ್ಟಪ್ಪನವರು ಇಳಿವಯಸ್ಸಿನಲ್ಲೂ ಸಾರ್ವಜನಿಕ ಮಾತು ಬಿಡಲಿಲ್ಲ. ದತ್ತಿ ಉಪನ್ಯಾಸ, ಪುಸ್ತಕ ಬಿಡುಗಡೆ, ಸ್ಮರಣೆ, ಚರ್ಚೆ. ಇಲ್ಲಿ ಕಾರ್ಯಕ್ರಮಗಳಿಗೆ ಬರವಿಲ್ಲ. ಟಿಕೆಟ್ಟಿಲ್ಲ, ಆಹ್ವಾನ ಬೇಕಿಲ್ಲ, ಯಾರು ಬೇಕಾದರೂ ಬಂದು ಕೂಡಬಹುದು. ಸುಭಾಷ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಸಾಹಿತಿಗಳು ಕೂಡುತ್ತಿದ್ದ ಕಾಲದಿಂದಲೂ ಮಾತುಕತೆಯೇ ಈ ಊರಿನ ಜೀವಾಳ. ಸಂಗೀತವೂ ಹಾಗೆಯೇ. ಮಲ್ಲಿಕಾರ್ಜುನ ಮನ್ಸೂರರ ಊರಿನಲ್ಲಿ ಒಳ್ಳೆಯ ಗಾಯನ ಕೇಳಲು ಸಾವಿರ ರೂಪಾಯಿ ತೆರಬೇಕಿಲ್ಲ. ಕೇಳುವ ಕಿವಿ ಇದ್ದರೆ ಸಾಕು. ಪಿಂಚಣಿ ಸಣ್ಣದಿದ್ದರೂ ಮನಸ್ಸಿನ ಊಟಕ್ಕೆ ಕಡಿಮೆಯಾಗದ ಊರು ಕರ್ನಾಟಕದಲ್ಲಿ ಎಷ್ಟಿವೆ?

ಸಭಾಭವನದಲ್ಲಿ ಕುಳಿತು ಸುತ್ತ ನೋಡಿದಾಗ ಮನಸ್ಸಿಗೆ ನೋವಾದದ್ದು ಒಂದೇ. ಕುರ್ಚಿಗಳಲ್ಲಿ ಇದ್ದವು ಹೆಚ್ಚಾಗಿ ಬಿಳಿಯ ತಲೆಗಳೇ. ಒಂದು ಮೈಲಿ ಆಚೆ ಸಾವಿರಾರು ಹುಡುಗರು ಕರ್ನಾಟಕದ ಇತಿಹಾಸವನ್ನು, ಏಕೀಕರಣವನ್ನು, ಆಲೂರ ವೆಂಕಟರಾಯರ ಹೆಸರನ್ನು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಿದ್ದಾರೆ. ಆ ಇತಿಹಾಸವನ್ನು ಕಣ್ಣಾರೆ ಕಂಡವರು, ಸಂಶೋಧನೆ ಮಾಡಿದವರು ಇಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದಾರೆ. ಹುಡುಗರನ್ನು ದೂರುವ ಮನಸ್ಸು ನನಗಿಲ್ಲ. ಅವರ ತಲೆಯ ಮೇಲೆ ಮನೆಯವರ ಸಾಲವಿದೆ, ಎದುರಿಗೆ ಪರೀಕ್ಷೆಯಿದೆ. ಆದರೆ ನಿವೃತ್ತ ಇತಿಹಾಸ ಪ್ರಾಧ್ಯಾಪಕರೊಬ್ಬರು ವಾರಕ್ಕೊಂದು ಸಂಜೆ ಓದುವ ಮನೆಗೆ ಹೋಗಿ ಕುಳಿತರೆ, ನಿವೃತ್ತ ಗಣಿತ ಶಿಕ್ಷಕಿ ತಮ್ಮ ಕಟ್ಟೆಯ ಮೇಲೆ ಹತ್ತು ಹುಡುಗಿಯರಿಗೆ ಲೆಕ್ಕ ಹೇಳಿಕೊಟ್ಟರೆ, ತರಬೇತಿಯ ಶುಲ್ಕ ಕಟ್ಟಲಾಗದ ಹಳ್ಳಿಯ ಮಕ್ಕಳಿಗೆ ಎಷ್ಟು ಆಸರೆಯಾಗಬಹುದು! ಕೆಲವರು ಸದ್ದಿಲ್ಲದೆ ಇದನ್ನು ಮಾಡುತ್ತಲೂ ಇದ್ದಾರೆ. ಸಂಘ ಸಂಸ್ಥೆಗಳು ಮನಸ್ಸು ಮಾಡಿದರೆ ಇದು ಊರಿನ ಪದ್ಧತಿಯಾಗಬಹುದು. ವಿಶ್ವವಿದ್ಯಾಲಯಗಳು ತಮ್ಮ ಗ್ರಂಥಾಲಯದ ಬಾಗಿಲನ್ನು ಊರಿನ ಎಲ್ಲ ಹಿರಿಯರಿಗೂ ಒಂದು ಗುರುತಿನ ಚೀಟಿಯ ಮೇಲೆ ತೆರೆದಿಡಲಿ. ನಗರಾಡಳಿತ ಕಾಲೇಜು ರಸ್ತೆಯಿಂದ ಸಪ್ತಾಪುರದವರೆಗಾದರೂ ನಡೆಯಲು ಬರುವಂಥ ಫುಟ್‌ಪಾತ್ ಮಾಡಿಸಿ, ಅಲ್ಲಲ್ಲಿ ಕೂಡಲು ಕಲ್ಲುಬೆಂಚು ಹಾಕಿಸಲಿ.

ಧಾರವಾಡಕ್ಕೆ ಬರಬೇಕೆಂದು ಯೋಚಿಸುತ್ತಿರುವ ಓದುಗರಿಗೆ ನನ್ನ ಮಾತು ಇಷ್ಟು. ಸೈಟು ನೋಡಲು ಜನವರಿಯ ಎಳೆಬಿಸಿಲಿನಲ್ಲಿ ಬರಬೇಡಿ, ಜುಲೈನಲ್ಲಿ ಬನ್ನಿ. ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ, ಬೆಂಗಳೂರಿನ ಮನೆಯನ್ನು ಆಮೇಲೆ ಮಾರಿದರಾಯಿತು. ಅಗ್ಗವೆಂದು ಊರ ಹೊರಗಿನ ಹೊಸ ಲೇಔಟಿಗೆ ಹೋಗಬೇಡಿ; ಕಾರು ಓಡಿಸುವ ಶಕ್ತಿ ಹೋದ ದಿನ ಅಲ್ಲಿ ಸಿಕ್ಕಿಬೀಳುತ್ತೀರಿ. ಕಿರಾಣಿ ಅಂಗಡಿ, ಔಷಧದ ಅಂಗಡಿ, ಒಂದು ಸಭಾಭವನ ನಡೆದು ಹೋಗುವಷ್ಟು ಹತ್ತಿರವಿರುವ ನೆಲಮನೆ ನೋಡಿ. ಓದು, ಸಭೆ, ಸಂಗೀತ ಯಾವುದೂ ಬೇಡ, ನಿಶ್ಶಬ್ದವಷ್ಟೇ ಬೇಕು ಎನ್ನುವವರು ಬೇರೆ ಊರು ನೋಡಿಕೊಳ್ಳುವುದು ಒಳ್ಳೆಯದು. ಬರುವುದೇ ಆದರೆ, ಮೇಲೊಂದು ಕೋಣೆ ಇರುವ ಮನೆ ಕೊಳ್ಳಿ, ಆ ಕೋಣೆಯನ್ನು ಬೀಗ ಹಾಕಿ ಇಡದೆ ಓದಲು ಬಂದ ಹಳ್ಳಿಯ ಹುಡುಗರಿಗೆ ಕೈಗೆಟುಕುವ ಬಾಡಿಗೆಗೆ ಕೊಡಿ.